ಎಂಟು ಟ್ರ್ಯಾಕು, ಒಂದು ಅಟ್ಟ: ಯುರಿದ್ಮಿಕ್ಸ್‌ನ ಎರಡನೇ ಆಲ್ಬಂ ಗೆದ್ದ ಬಗೆ

1982ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಪಾಪ್ ಜೋಡಿ ಯುರಿದ್ಮಿಕ್ಸ್‌ನ (ಗಾಯಕಿ ಆ್ಯನಿ ಲೆನ್ನಾಕ್ಸ್, ವಾದ್ಯಗಾರ ಡೇವ್ ಸ್ಟುವರ್ಟ್) ಲೆಕ್ಕ ತೆಗೆದು ನೋಡಿದ್ದರೆ ಜಮಾ ಕಡೆ ಬರೆಯಲು ಹೆಚ್ಚೇನೂ ಸಿಗುತ್ತಿರಲಿಲ್ಲ. 1981ರ ಅಕ್ಟೋಬರಿನಲ್ಲಿ ಬಂದ ಮೊದಲ ಆಲ್ಬಂ ‘ಇನ್ ದ ಗಾರ್ಡನ್’ ಬ್ರಿಟನ್ನಿನ ಆಲ್ಬಂ ಪಟ್ಟಿಯ ಹೊಸ್ತಿಲನ್ನೂ ದಾಟಲಿಲ್ಲ. 1982ರಲ್ಲಿ ಬಿಟ್ಟ ‘ದಿಸ್ ಈಸ್ ದ ಹೌಸ್’, ‘ದ ವಾಕ್’ ಎಂಬ ಎರಡು ಸಿಂಗಲ್‌ಗಳು (ಒಂಟಿ ಹಾಡಿನ ರೆಕಾರ್ಡುಗಳು) ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ನವೆಂಬರಿನ ‘ಲವ್ ಈಸ್ ಎ ಸ್ಟ್ರೇಂಜರ್’ 54ನೇ ಸ್ಥಾನದವರೆಗೆ ತೆವಳಿ ನಿಂತಿತು. ಖರ್ಚಿನ ಕಡೆ ಮಾತ್ರ ಬ್ಯಾಂಕ್ ಸಾಲವಿತ್ತು. ಡೇವ್ ಸ್ಟುವರ್ಟ್ ಶ್ವಾಸಕೋಶದ ತೊಂದರೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು, ಆ್ಯನಿ ಲೆನ್ನಾಕ್ಸ್ ಖಿನ್ನತೆಯಲ್ಲಿದ್ದರು. ಇಬ್ಬರೂ ಒಂದು ಕಾಲದ ಪ್ರೇಮಿಗಳು. ಸಂಬಂಧ ಮುರಿದ ಮೇಲೂ ಬ್ಯಾಂಡ್ ಮಾತ್ರ ಉಳಿಸಿಕೊಂಡವರು.

1983ರ ಜನವರಿ 4ರಂದು ಎರಡನೇ ಆಲ್ಬಂ ‘ಸ್ವೀಟ್ ಡ್ರೀಮ್ಸ್ (ಆರ್ ಮೇಡ್ ಆಫ್ ದಿಸ್)’ ಅಂಗಡಿಗೆ ಬಂತು. ಅದು ಬ್ರಿಟನ್ನಿನಲ್ಲಿ 3ನೇ ಸ್ಥಾನಕ್ಕೂ ಅಮೆರಿಕದಲ್ಲಿ 15ಕ್ಕೂ ಏರಿತು. ಅದೇ ಹೆಸರಿನ ಹಾಡು ಬ್ರಿಟನ್ನಿನಲ್ಲಿ 2ನೆಯದಾಯಿತು; ಸೆಪ್ಟೆಂಬರ್ 3ರ ವಾರ, ಎಂಟು ವಾರ ಕೂತಿದ್ದ ದ ಪೊಲೀಸ್ ಬ್ಯಾಂಡಿನ ಹಾಡನ್ನು ಇಳಿಸಿ ಅಮೆರಿಕದಲ್ಲಿ ಮೊದಲ ಸ್ಥಾನ ಹಿಡಿಯಿತು.

ಮನೆಯಲ್ಲೇ ಸಂಗೀತ ಮಾಡುವವರ ನಡುವೆ ಈ ಕಥೆ ಒಂದೇ ಸಾಲಿಗೆ ಇಳಿದುಬಿಟ್ಟಿದೆ: ‘ಎಂಟು ಟ್ರ್ಯಾಕಿನ ಅಗ್ಗದ ರೆಕಾರ್ಡರಿನಲ್ಲಿ ವಿಶ್ವದ ನಂಬರ್ ಒನ್ ಮಾಡಿದರು, ಸಲಕರಣೆ ಮುಖ್ಯವಲ್ಲ.’ ಇದು ಅರ್ಧ ಸತ್ಯ. (ಟ್ರ್ಯಾಕು ಎಂದರೆ ಟೇಪಿನ ಮೇಲೆ ಒಂದೊಂದು ಸದ್ದನ್ನು ಬೇರೆಯಾಗಿ ಹಿಡಿಯುವ ಪಟ್ಟಿ.) ಸಲಕರಣೆ ಇಲ್ಲಿ ತುಂಬಾ ಮುಖ್ಯವಾಗಿತ್ತು, ಆದರೆ ಬೇರೆ ರೀತಿಯಲ್ಲಿ.

ಮೊದಲ ಆಲ್ಬಂನಲ್ಲಿ ಯಾವುದಕ್ಕೆ ಕೊರತೆಯಿತ್ತು?

ಹೆಸರಿಗಂತೂ ಕೊರತೆ ಇರಲಿಲ್ಲ. ‘ಇನ್ ದ ಗಾರ್ಡನ್’ ಧ್ವನಿಮುದ್ರಣವಾದದ್ದು ಜರ್ಮನಿಯ ಕಲೋನ್ ಬಳಿ ಕಾನಿ ಪ್ಲಾಂಕ್ ಅವರ ಸ್ಟುಡಿಯೋದಲ್ಲಿ. ಕ್ರಾಫ್ಟ್‌ವೆರ್ಕ್, ನೊಯ್ ಮುಂತಾದ ಜರ್ಮನ್ ಬ್ಯಾಂಡುಗಳ ಸದ್ದನ್ನು ರೂಪಿಸಿದ ಮನುಷ್ಯ ಆತ. ಕ್ಯಾನ್ ಬ್ಯಾಂಡಿನ ಹೊಲ್ಗರ್ ಚುಕಾಯ್, ಯಾಕಿ ಲೀಬೆಟ್ಸೈಟ್ ಬಂದು ನುಡಿಸಿದರು. ಬ್ಲಾಂಡಿಯ ಡ್ರಮ್ಮರ್ ಕ್ಲೆಮ್ ಬರ್ಕ್ ಕೂಡ ಇದ್ದರು. ಇಂಥ ಪಂಗಡ ಸೇರಿದ ಮೇಲೂ ಆಲ್ಬಂ ಓಡಲಿಲ್ಲ. ಈಗ ಕೇಳಿದರೆ ಕಾರಣ ಕಿವಿಗೇ ಬೀಳುತ್ತದೆ: ಗಿಟಾರು, ಡ್ರಮ್ಸ್, ಪ್ರತಿಧ್ವನಿಗಳ ಮಂಜಿನ ಹಿಂದೆ ಲೆನ್ನಾಕ್ಸ್ ದನಿ ನಿಂತಿದೆ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಕಲಿತು ಬಂದ, ತಗ್ಗಿನ ಸ್ವರದಲ್ಲಿ ಅಷ್ಟು ಗಟ್ಟಿಯಾಗಿ ಹಾಡಬಲ್ಲ ಗಾಯಕಿಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ ಹಾಗೆ.

ಇಬ್ಬರೂ ಅದಕ್ಕೆ ಮುಂಚೆ ದ ಟೂರಿಸ್ಟ್ಸ್ ಎಂಬ ಬ್ಯಾಂಡಿನಲ್ಲಿದ್ದು, 1979ರಲ್ಲಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅವರ ಹಳೆಯ ಹಾಡೊಂದನ್ನು ಮತ್ತೆ ಹಾಡಿ 4ನೇ ಸ್ಥಾನ ಕಂಡವರು. ಬೇರೆಯವರ ಹಾಡಿನಿಂದ ಬಂದ ಹೆಸರು, ಬೇರೆಯವರ ಸ್ಟುಡಿಯೋದಲ್ಲಿ ಬಂದ ಸದ್ದು. ಇವೆರಡನ್ನೂ ಬಿಟ್ಟು ಸ್ವಂತಕ್ಕೆ ಒಂದು ಕೋಣೆ ಮಾಡಿಕೊಳ್ಳುವ ತೀರ್ಮಾನವೇ ಈ ಪ್ರಕರಣದ ತಿರುವು. ಅದಕ್ಕೆ ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ಕೆಲವು ಸಾವಿರ ಪೌಂಡ್ ಸಾಲ ಎತ್ತಿದರು. ದೊಡ್ಡ ಸ್ಟುಡಿಯೋದಲ್ಲಿ ಗಂಟೆಗಳ ಲೆಕ್ಕದಲ್ಲಿ ಕರಗಿಹೋಗುವ ಹಣ ಯಂತ್ರಗಳ ರೂಪದಲ್ಲಿ ಕೈಯಲ್ಲಿ ಉಳಿಯಿತು. ಗಡಿಯಾರ ನೋಡದೆ ಒಂದೇ ಹಾಡನ್ನು ಹತ್ತು ಸಲ ಕೆಡಿಸಿ ಕಟ್ಟುವ ಸ್ವಾತಂತ್ರ್ಯವೂ ಜೊತೆಗೆ ಬಂತು.

ಅಟ್ಟದ ಮೇಲಿನ ಸಾಮಾನು

ಜಾಗ ಉತ್ತರ ಲಂಡನ್ನಿನ ಚಾಕ್ ಫಾರ್ಮ್. ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯೊಂದರ ಮೇಲಿನ ಅಟ್ಟ. ಟೇಪ್ ಯಂತ್ರ ಟ್ಯಾಸ್ಕ್ಯಾಮ್ ಕಂಪನಿಯದು, ಅರ್ಧ ಇಂಚಿನ ಟೇಪಿನ ಮೇಲೆ ಎಂಟು ಟ್ರ್ಯಾಕು. ಸೌಂಡ್‌ಕ್ರಾಫ್ಟ್ ಮಿಕ್ಸರು, ಟೇಪಿನಿಂದ ಪ್ರತಿಧ್ವನಿ ಕೊಡುವ ರೋಲ್ಯಾಂಡ್ ಸ್ಪೇಸ್ ಎಕೊ, ತಂತಿಸುರುಳಿಯಿಂದ ಅನುರಣನ ಕೊಡುವ ಕ್ಲಾರ್ಕ್ ಟೆಕ್ನಿಕ್‌ನ ಸ್ಪ್ರಿಂಗ್ ರಿವರ್ಬು, ಬೇಯರ್‌ಡೈನಾಮಿಕ್ ಎಂ 201 ಮೈಕು. ಸಿಂಥ್‌ಗಳಲ್ಲಿ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಲಿವಾದ್ಯಗಳಲ್ಲಿ) ರೋಲ್ಯಾಂಡ್ ಮತ್ತು ಓಬರ್‌ಹೈಮ್ ಓಬಿ-ಎಕ್ಸ್. ಮತ್ತೊಂದು, ಎಲ್ಲಕ್ಕಿಂತ ವಿಚಿತ್ರವಾದದ್ದು: ಮೂವ್‌ಮೆಂಟ್ ಎಂಬ ಸಣ್ಣ ಇಂಗ್ಲಿಷ್ ಕಂಪನಿ ಮಾಡಿದ, ಪರದೆ ಮತ್ತು ಕೀಲಿಮಣೆಯಿರುವ ಡ್ರಮ್ ಕಂಪ್ಯೂಟರ್. ತಾಳದ ವಿನ್ಯಾಸ ಪರದೆಯ ಮೇಲೆ ಕಾಣುತ್ತಿತ್ತು. ಆ ಕಾಲಕ್ಕೆ ಇದು ಅಪರೂಪ.

ಈ ಯಂತ್ರಗಳನ್ನು ಬಳಸುವುದು ಗೊತ್ತಿದ್ದವರು ಬೇಕಿತ್ತಲ್ಲ. ಆಡಂ ವಿಲಿಯಮ್ಸ್, ಹಿಂದೆ ದ ಸೆಲೆಕ್ಟರ್ ಬ್ಯಾಂಡಿನಲ್ಲಿ ಬೇಸ್ ನುಡಿಸಿದ್ದವರು, ಧ್ವನಿಮುದ್ರಣದ ಕೆಲಸದಲ್ಲಿ ಜೊತೆಯಾದರು. ‘ಇಬ್ಬರೇ ಮಾಡಿದರು’ ಎನ್ನುವ ಕಥೆಯಲ್ಲಿ ಈ ಹೆಸರು ಯಾವಾಗಲೂ ಜಾರಿಹೋಗುತ್ತದೆ.

ಎಂಟು ಟ್ರ್ಯಾಕಿನಲ್ಲಿ ಎಷ್ಟು ಹಿಡಿಸುತ್ತದೆ?

ಇಂದು ಲ್ಯಾಪ್‌ಟಾಪಿನಲ್ಲಿ ನೂರು ಟ್ರ್ಯಾಕ್ ತೆರೆದು ಕೂರುವವರಿಗೆ ಎಂಟು ಎಂದರೆ ಏನೆಂದು ಹೊಳೆಯುವುದಿಲ್ಲ, ಅದಕ್ಕೇ ಈ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಸೆಕೆಂಡಿಗೆ 15 ಇಂಚು ವೇಗದಲ್ಲಿ 2,500 ಅಡಿ ಟೇಪಿನ ಸುರುಳಿ ಸುಮಾರು 33 ನಿಮಿಷ ಓಡುತ್ತದೆ. ಸಮಯಕ್ಕೆ ತೊಂದರೆಯಿಲ್ಲ, ಸಾಲದೆ ಬರುವುದು ಅಗಲ. ಯಂತ್ರದ ತಾಳವನ್ನು ಟೇಪಿಗೆ ಕಟ್ಟಿಹಾಕಬೇಕಾದರೆ ಒಂದು ಟ್ರ್ಯಾಕನ್ನು ಸಿಂಕ್ ಟೋನಿಗೆ, ಅಂದರೆ ಕರ್ಕಶವಾದ ಒಂದು ಸಂಕೇತದ ಸದ್ದಿಗೆ ಬಿಟ್ಟುಕೊಡಬೇಕು. ಆ ಸದ್ದು ಪಕ್ಕದ ಟ್ರ್ಯಾಕಿಗೆ ಸೋರುತ್ತದೆ. ಹಾಗಾಗಿ ಅನುಭವಸ್ಥರು ಅದನ್ನು ಎಂಟನೆಯದಕ್ಕೆ ಹಾಕಿ, ಏಳನೆಯದನ್ನು ಖಾಲಿ ಬಿಡುತ್ತಾರೆ, ಇಲ್ಲವೇ ಬೇಸಿನಂಥ, ಸೋರಿದ ಚೀರು ಫಿಲ್ಟರಿನಲ್ಲಿ ಕತ್ತರಿಸಿದರೂ ಕೆಡದ ಸದ್ದನ್ನು ಅಲ್ಲಿ ಕೂರಿಸುತ್ತಾರೆ. ಉಳಿದದ್ದು ಆರು.

ಆರಕ್ಕೆ ಹಿಡಿಸದಿದ್ದರೆ ಬೌನ್ಸ್ ಮಾಡಬೇಕು: ಮೂರು ಟ್ರ್ಯಾಕಿನ ಹಿಮ್ಮೇಳವನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಿ, ಮೂರನ್ನೂ ಅಳಿಸಿ ಮತ್ತೆ ಬಳಸುವುದು. ಇಲ್ಲಿ ಮೂರು ಕಡೆ ಕೈ ಸುಡುತ್ತದೆ. ಒಂದು, ಸಮಾನ ಗದ್ದಲವಿರುವ ಎರಡು ಟ್ರ್ಯಾಕ್ ಸೇರಿದರೆ ಟೇಪಿನ ‘ಹಿಸ್’ 3 ಡೆಸಿಬೆಲ್ ಏರುತ್ತದೆ, ನಾಲ್ಕು ಸೇರಿದರೆ 6. ಎರಡನೆಯದು, ಬೌನ್ಸ್ ಮಾಡುವಾಗ ಓದುವುದೂ ಬರೆಯುವುದೂ ಒಂದೇ ಹೆಡ್ಡಿನಿಂದ ಆಗುವುದರಿಂದ ಪಕ್ಕಪಕ್ಕದ ಟ್ರ್ಯಾಕಿಗೆ ಇಳಿಸಿದರೆ ಸದ್ದು ಸುತ್ತಿ ಬಂದು ಕಿರುಚುತ್ತದೆ. ನಡುವೆ ಒಂದು ಟ್ರ್ಯಾಕಿನ ಅಂತರ ಬೇಕು. ಮೂರನೆಯದು, ಅಳಿಸಿದ್ದು ಅಳಿಸಿದ್ದೇ. ಹಿಮ್ಮೇಳದಲ್ಲಿ ಮೇಲಿನ ದನಿ ಒಂದು ಎಳೆ ಜಾಸ್ತಿಯಾಯಿತು ಎಂದು ವಾರದ ನಂತರ ತಿಳಿದರೆ ಮೂವರನ್ನೂ ಮತ್ತೆ ಹಾಡಿಸಬೇಕು.

ಈ ಮೂರನೆಯ ತೊಂದರೆಯೇ ಈ ಆಲ್ಬಂನ ಬಲವಾಯಿತು ಎಂಬುದು ನಮ್ಮ ಅಭಿಪ್ರಾಯ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಸ್ಥಿತಿಯಲ್ಲಿ ‘ಆಮೇಲೆ ನೋಡೋಣ’ ಎನ್ನುವ ಹಾಗಿಲ್ಲ. ಪ್ರತಿ ಸದ್ದೂ ತನ್ನ ಜಾಗಕ್ಕೆ ಕಾರಣ ಹೇಳಬೇಕು. ಕೆಳಗೆ ಒಂದೇ ಬೇಸ್ ವಿನ್ಯಾಸ, ನಡುವೆ ಒಂದೆರಡು ಸಿಂಥ್, ಮೇಲೆ ದನಿ. ದನಿಗೆ ಎದುರಾಳಿ ಇಲ್ಲ. ‘ಲವ್ ಈಸ್ ಎ ಸ್ಟ್ರೇಂಜರ್’ ಕೇಳಿ ನೋಡಿ: ಓಡುವ ಸಿಂಥ್ ಎಳೆ ಒಂದೇ ಸಮನೆ ಸಾಗುತ್ತದೆ, ಲೆನ್ನಾಕ್ಸ್ ಅದರ ಮೇಲೆ ತಣ್ಣಗೆ ಶುರುಮಾಡಿ ಕೊನೆಗೆ ಉಸಿರುಗಟ್ಟುವ ಹಂತಕ್ಕೆ ಒಯ್ಯುತ್ತಾರೆ. ಬದಲಾಗುವುದು ಹೆಚ್ಚುಕಮ್ಮಿ ದನಿಯೊಂದೇ.

ಮೈಕಿನ ಆಯ್ಕೆಯೂ ಇಲ್ಲಿಗೆ ಸೇರಿದ್ದು. ಎಂ 201 ಡೈನಾಮಿಕ್ ಮೈಕು. ಎದುರಿಗಿದ್ದದ್ದನ್ನು ಹಿಡಿದು ಅಕ್ಕಪಕ್ಕದ್ದನ್ನು ಬಿಡುವ ಜಾತಿ. ಗೋಡೆಗೆ ಹತ್ತಿ, ನೊರೆಹಲಗೆ ಯಾವುದೂ ಇಲ್ಲದ ಅಟ್ಟದಲ್ಲಿ, ಕೆಳಗೆ ಅಂಗಡಿ, ಹೊರಗೆ ಬೀದಿ ಇರುವಾಗ ದುಬಾರಿ ಕಂಡೆನ್ಸರ್ ಮೈಕು ಇಡೀ ಬಡಾವಣೆಯನ್ನೇ ಹಾಡಿಗೆ ಸೇರಿಸಿಬಿಡುತ್ತದೆ. ಡೈನಾಮಿಕ್ ಮೈಕನ್ನು ನಾಲ್ಕು ಬೆರಳಿನಷ್ಟು ಹತ್ತಿರ ಹಿಡಿದರೆ ದನಿ ಎದೆಯಿಂದ ಬಂದಂತೆ ದಪ್ಪಗಾಗುತ್ತದೆ. ಸುಮಾರು 100 ಹರ್ಟ್ಸ್‌ನಿಂದ ಕೆಳಗೆ ಸ್ವಲ್ಪ ಇಳಿಸಿ, ಬಾಯಿಗೆ ನೇರವಾಗಿ ಹಿಡಿಯದೆ ಒಂಚೂರು ಓರೆಯಾಗಿಟ್ಟರೆ ‘ಪ’ಕಾರದ ಗುದ್ದು ಬರುವುದಿಲ್ಲ. ಬೆಂಗಳೂರಿನ ರಸ್ತೆ ಬದಿಯ ಮನೆಯಲ್ಲಿ ಹಾಡು ಮುದ್ರಿಸುವವರಿಗೂ ಇದೇ ಸೂತ್ರ.

ಆ ಹಾಡು

ಶೀರ್ಷಿಕೆ ಹಾಡು ಹುಟ್ಟಿದ ಸಂದರ್ಭವನ್ನು ಇಬ್ಬರೂ ಹಲವು ಸಲ ಹೇಳಿದ್ದಾರೆ. ಲೆನ್ನಾಕ್ಸ್ ಎಲ್ಲ ಮುಗಿಯಿತೆಂದು ನೆಲದ ಮೇಲೆ ಮುದುಡಿ ಮಲಗಿದ್ದರು. ಸ್ಟುವರ್ಟ್ ಡ್ರಮ್ ಕಂಪ್ಯೂಟರಿನಲ್ಲಿ ತಾಳ ಕಟ್ಟುತ್ತಿದ್ದರು. ಆ ಗುದ್ದು ಕೇಳಿ ಲೆನ್ನಾಕ್ಸ್ ಎದ್ದು ಬಂದು ಸಿಂಥ್ ಮುಂದೆ ನಿಂತರು. ಬಳಿಕ ಹಾಡು ಸರಸರನೆ ಬಂತು.

ಒಳಗಿನ ಕಟ್ಟಡ ಸರಳ. ಮುಖ್ಯವಾಗಿ ಸಿ ಮೈನರ್, ಎ ಫ್ಲ್ಯಾಟ್, ಜಿ ಎಂಬ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ). ನಿಮಿಷಕ್ಕೆ ಸುಮಾರು 125 ಬೀಟ್. ಬೇಸ್ ಡ್ರಮ್ ನಾಲ್ಕು ಹೊಡೆತಕ್ಕೂ ಬೀಳುತ್ತದೆ. ಸಿಂಥ್ ವಿನ್ಯಾಸ ಶುರುವಿನಿಂದ ಕೊನೆಯವರೆಗೂ ತಿರುಗುತ್ತಲೇ ಇರುತ್ತದೆ. ಯಂತ್ರ ನುಡಿಸಿದ ಎಳೆಯೂ ಕೈಯಲ್ಲಿ ನುಡಿಸಿದ ಎಳೆಯೂ ಜೊತೆಜೊತೆಗೆ ಸಾಗುವುದರಿಂದ, ಒಂದಕ್ಕೊಂದು ಕೂದಲೆಳೆಯಷ್ಟು ಹಿಂದುಮುಂದಾಗುತ್ತವೆ. ಆ ವಿನ್ಯಾಸಕ್ಕಿರುವ ಜೀವ ಈ ಕೂದಲೆಳೆಯದು. ಇಂದು ಅದನ್ನು ಅನುಕರಿಸುವವರು ಎರಡನ್ನೂ ಕಂಪ್ಯೂಟರಿನ ತಾಳದ ಗ್ರಿಡ್‌ಗೆ ಒತ್ತಿ ನೇರ ಮಾಡುತ್ತಾರೆ, ಆಮೇಲೆ ‘ಯಾಕೋ ಸತ್ತಂತಿದೆ’ ಎನ್ನುತ್ತಾರೆ. 1982ರಲ್ಲಿ ಮಿಡಿ (ವಾದ್ಯಯಂತ್ರಗಳು ಒಂದಕ್ಕೊಂದು ಸೂಚನೆ ಕಳಿಸುವ ಸಂಕೇತ ಭಾಷೆ) ಇನ್ನೂ ಬಳಕೆಗೆ ಬಂದಿರಲಿಲ್ಲ. ಮೊದಲ ಸಾರ್ವಜನಿಕ ಪ್ರದರ್ಶನವಾದದ್ದೇ 1983ರ ಜನವರಿಯಲ್ಲಿ. ಅಲ್ಲಿಯವರೆಗೆ ಯಂತ್ರದಿಂದ ಯಂತ್ರಕ್ಕೆ ವಿದ್ಯುತ್ ಮಿಡಿತವಷ್ಟೇ ಹೋಗುತ್ತಿತ್ತು. ಈಗ ಹೊಡೆ, ಈಗ ಹೊಡೆ. ಎಷ್ಟು ಜೋರಾಗಿ ಎಂದು ಹೇಳುವ ಬಾಯಿ ಅದಕ್ಕಿರಲಿಲ್ಲ.

ಟೇಪ್ ಎಕೊವನ್ನು ಈ ವೇಗಕ್ಕೆ ಹೊಂದಿಸಬೇಕಿದ್ದರೆ 60,000ವನ್ನು 125ರಿಂದ ಭಾಗಿಸಿ: ಒಂದು ಬೀಟಿಗೆ 480 ಮಿಲಿಸೆಕೆಂಡ್, ಅರ್ಧಕ್ಕೆ 240, ಮುಕ್ಕಾಲಿಗೆ 360. ಸ್ಪೇಸ್ ಎಕೊದಲ್ಲಿ ಅಂಕಿ ಒತ್ತುವ ಸೌಲಭ್ಯವಿಲ್ಲ. ಮೋಟಾರಿನ ವೇಗದ ಗುಬ್ಬಿಯನ್ನು ಕಿವಿಯಿಂದಲೇ ತಿರುಗಿಸಬೇಕು. ಒಳಗಿನ ಟೇಪಿನ ಕುಣಿಕೆ ಸವೆದಂತೆ ಮೇಲಿನ ಸ್ವರ ಮಂಕಾಗಿ ಪ್ರತಿಧ್ವನಿ ತುಸು ತೂರಾಡುತ್ತದೆ. ದನಿಯ ಹಿಂದೆ ಅದು ಚೆಂದ, ತಾಳದ ಮೇಲೆ ಹಾಕಿದರೆ ಇಡೀ ಹಾಡು ಸಡಿಲವೆನಿಸುತ್ತದೆ. ಸ್ಪ್ರಿಂಗ್ ರಿವರ್ಬ್ ಇದಕ್ಕೆ ತದ್ವಿರುದ್ಧದ ಸೊಕ್ಕಿನದು: ಎಳೆದು ಹಾಡಿದ ಸ್ವರಕ್ಕೆ ಹೊಂದುತ್ತದೆ, ಸ್ನೇರ್ ಹೊಡೆತ ಬಿದ್ದರೆ ತಗಡಿನ ಡಬ್ಬ ಒದ್ದಂತೆ ‘ಬೊಂಯ್’ ಎನ್ನುತ್ತದೆ.

ಹಾಡಿನ ನಡುಭಾಗದಲ್ಲಿ, ತಲೆಯೆತ್ತಿ ಮುಂದೆ ನಡೆ ಎಂದು ಹುರಿದುಂಬಿಸುವ ಕಡೆ, ಹಿಂದೆ ಟಿಣ್ ಟಿಣ್ ಎನ್ನುವ ಸದ್ದೊಂದು ಇದೆ. ಬಹಳ ಮಂದಿ ಅದನ್ನು ಸಿಂಥ್ ಎಂದುಕೊಂಡಿದ್ದಾರೆ. ಅದು ಹಾಲಿನ ಬಾಟಲಿ. ಬ್ರಿಟನ್ನಿನಲ್ಲಿ ಆಗ ಬೆಳಿಗ್ಗೆ ಬಾಗಿಲಿಗೆ ಬರುತ್ತಿದ್ದ ಗಾಜಿನ ಬಾಟಲಿಗಳಿಗೆ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ, ಸ್ವರಕ್ಕೆ ತಂದು ತಟ್ಟಿದ್ದು. ನಮ್ಮ ಜಲತರಂಗದ ಮರ್ಮವೇ ಇದು, ಪಿಂಗಾಣಿ ಬಟ್ಟಲಿನ ಬದಲು ಬಾಟಲಿ ಅಷ್ಟೇ.

ಮಾಡಿ ನೋಡುವವರು ಮೊದಲು ಎಡವುವುದು ಇಲ್ಲಿ: ಬಾಟಲಿಯ ಬಾಯಿಗೆ ಊದಿದರೆ ನೀರು ಹೆಚ್ಚಿದಂತೆ ಸ್ವರ ಏರುತ್ತದೆ, ಏಕೆಂದರೆ ಒಳಗಿನ ಗಾಳಿ ಕಮ್ಮಿಯಾಗುತ್ತದೆ. ಗಾಜನ್ನು ತಟ್ಟಿದರೆ ನೀರು ಹೆಚ್ಚಿದಂತೆ ಸ್ವರ ಇಳಿಯುತ್ತದೆ, ಏಕೆಂದರೆ ಅಲುಗಬೇಕಾದ ಗಾಜಿಗೆ ನೀರಿನ ಭಾರ ಬೀಳುತ್ತದೆ. ಊದಿ ಸ್ವರ ಹೊಂದಿಸಿ ಆಮೇಲೆ ತಟ್ಟಲು ಹೋದರೆ ಎಲ್ಲವೂ ತಲೆಕೆಳಗು. ಒಂದೇ ಕಂಪನಿಯ, ಒಂದೇ ದಪ್ಪದ ಬಾಟಲಿಗಳನ್ನು ಆರಿಸಿಕೊಳ್ಳಿ. ತಳದ ಮೊದಲ ಒಂದೆರಡು ಬೆರಳು ನೀರಿಗೆ ಸ್ವರ ಅಷ್ಟಾಗಿ ಕದಲುವುದಿಲ್ಲ. ತಳದ ದಪ್ಪ ಗಾಜು ಮೊದಲೇ ಅಲುಗದು. ನಂತರ ಚಮಚದ ಲೆಕ್ಕದಲ್ಲಿ ಸುರಿಯಿರಿ. ತಟ್ಟಲು ಪೆನ್ಸಿಲ್ ಸಾಕು, ಲೋಹದ ಚಮಚ ಬೇಡ. ಕೊರಳಿಗೆ ದಾರ ಕಟ್ಟಿ ತೂಗುಹಾಕಿದರೆ ಸದ್ದು ಉದ್ದಕ್ಕೆ ನಿಲ್ಲುತ್ತದೆ, ಕೈಯಲ್ಲಿ ಹಿಡಿದರೆ ಸತ್ತುಹೋಗುತ್ತದೆ. ನೀರು ತುಳುಕುತ್ತಿರುವಾಗ ತಟ್ಟಿದರೆ ಸ್ವರ ಅಲುಗುತ್ತದೆ, ನಿಲ್ಲುವವರೆಗೆ ಕಾಯಬೇಕು.

ಮಿಕ್ಕ ಹಾಡುಗಳು

ಹತ್ತು ಹಾಡಿನ ಆಲ್ಬಂನಲ್ಲಿ ಎಲ್ಲವೂ ಒಂದೇ ತೂಕದ್ದಲ್ಲ. ‘ರ‍್ಯಾಪ್ ಇಟ್ ಅಪ್’ ಸ್ಯಾಮ್ ಆ್ಯಂಡ್ ಡೇವ್ ಹಾಡಿದ್ದ, ‘ಸೋಲ್’ ಎಂಬ ಅಮೆರಿಕನ್ ಕಪ್ಪು ಸಂಗೀತ ಶೈಲಿಯ ಗೀತೆ. ಸ್ಕ್ರಿಟಿ ಪೊಲಿಟಿ ಬ್ಯಾಂಡಿನ ಗ್ರೀನ್ ಗಾರ್ಟ್‌ಸೈಡ್ ದನಿಗೂಡಿಸಿದ್ದಾರೆ. ಯಂತ್ರದ ತಾಳಕ್ಕೆ ಆ ಹಾಡಿನ ಬೆವರು ಹತ್ತಿಲ್ಲ, ನಮ್ಮ ಕಿವಿಗೆ ಆಲ್ಬಂನ ದುರ್ಬಲ ಜಾಗ ಅದೇ. ‘ಜೆನಿಫರ್’ ಮತ್ತು ಕೊನೆಯ ‘ದಿಸ್ ಸಿಟಿ ನೆವರ್ ಸ್ಲೀಪ್ಸ್’ ಅದಕ್ಕೆ ಪ್ರಾಯಶ್ಚಿತ್ತ. ಕೊನೆಯದರಲ್ಲಿ ಲಂಡನ್ ಭೂಗತ ರೈಲಿನ ಸದ್ದು ಇದೆ. ಹೊರಗಿನ ಗದ್ದಲವನ್ನು ದೂರ ಇಡಲಾಗದ ಕೋಣೆಯಲ್ಲಿ ಕೂತವರು ಅದನ್ನೇ ಹಾಡಿನೊಳಕ್ಕೆ ಕರೆದುಕೊಂಡ ಹಾಗಿದೆ. ಆರು ನಿಮಿಷ ದಾಟುವ ಈ ಹಾಡಿನಲ್ಲಿ ಯಂತ್ರಗಳು ಎಷ್ಟು ಕಮ್ಮಿ ಮಾತಾಡುತ್ತವೆ ಎಂದು ಗಮನಿಸಿದರೆ ಆಲ್ಬಂನ ಇಡೀ ಬಗೆ ಅರ್ಥವಾಗುತ್ತದೆ.

ಮಾರಾಟದ ಕಡೆ ಏನಾಯಿತು?

ರೆಕಾರ್ಡ್ ಕಂಪನಿಗೆ ಶೀರ್ಷಿಕೆ ಹಾಡಿನ ಮೇಲೆ ನಂಬಿಕೆ ಇರಲಿಲ್ಲ. ಕೋರಸ್ ಎಲ್ಲಿದೆ ಎಂಬುದು ಅವರ ಪ್ರಶ್ನೆ. ತಾಂತ್ರಿಕವಾಗಿ ಪ್ರಶ್ನೆ ಸರಿಯೇ: ಈ ಹಾಡಿನಲ್ಲಿ ಪಲ್ಲವಿಗಾಗಿ ಕಾಯುವ ಕೆಲಸವೇ ಇಲ್ಲ, ಮೊದಲ ಸಾಲೇ ಪಲ್ಲವಿ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೇಡಿಯೋ ನಿರೂಪಕರೊಬ್ಬರು ಆಲ್ಬಂನಿಂದಲೇ ಎತ್ತಿ ಹಾಡನ್ನು ಹಾಕತೊಡಗಿದಾಗ ಕೇಳುಗರ ಫೋನುಗಳು ಬಂದವು, ಆಮೇಲೆ ಕಂಪನಿ ಅಲ್ಲಿ ಸಿಂಗಲ್ ಬಿಟ್ಟಿತು ಎಂದು ಸ್ಟುವರ್ಟ್ ಹೇಳಿದ್ದಾರೆ.

ಅದರ ಜೊತೆಗೆ ವಿಡಿಯೋ. ಎಂಟಿವಿ 1981ರ ಆಗಸ್ಟ್ 1ರಂದು ಶುರುವಾಗಿತ್ತು; ವಿಡಿಯೋ ಮಾಡುವ ರೂಢಿ ಬ್ರಿಟಿಷ್ ಬ್ಯಾಂಡುಗಳಿಗೆ ಮೊದಲೇ ಇದ್ದುದರಿಂದ ಅವರ ಹಾಡುಗಳಿಗೆ ಅಲ್ಲಿ ಸಲೀಸಾಗಿ ಜಾಗ ಸಿಗುತ್ತಿತ್ತು. ಕಿತ್ತಳೆ ಬಣ್ಣದ ಕ್ರಾಪು, ಗಂಡಸರ ಸೂಟು, ಕೈಯಲ್ಲಿ ಬೆತ್ತ, ಗೋಡೆ ತುಂಬ ಚಿನ್ನದ ಡಿಸ್ಕುಗಳಿರುವ ಕಂಪನಿಯ ಸಭಾಕೋಣೆ. ಮೇಜಿನ ಮೇಲೆ ಅದೇ ಮೂವ್‌ಮೆಂಟ್ ಡ್ರಮ್ ಕಂಪ್ಯೂಟರು. ಸ್ಟುವರ್ಟ್ ಲೆಕ್ಕಿಗರ ಹಾಗೆ ಅದರ ಕೀಲಿ ಒತ್ತುತ್ತಾ ಕೂತಿದ್ದಾರೆ. ಒಂದು ಹಂತದಲ್ಲಿ ಆ ಕೋಣೆಯೊಳಕ್ಕೆ ಹಸುವೊಂದು ನಡೆದು ಬರುತ್ತದೆ, ನಿಜವಾದ ಹಸು. ಒಂದು ಸಲ ಕಂಡವರು ಮರೆಯುವ ಹಾಗಿರಲಿಲ್ಲ.

ಈಗ ಪ್ರಕರಣದ ಮುಖ್ಯ ಸಾಕ್ಷ್ಯಕ್ಕೆ ಬರೋಣ. 1982ರ ನವೆಂಬರಿನಲ್ಲಿ 54ಕ್ಕೆ ನಿಂತಿದ್ದ ‘ಲವ್ ಈಸ್ ಎ ಸ್ಟ್ರೇಂಜರ್’ ಅನ್ನು 1983ರ ವಸಂತದಲ್ಲಿ ಮತ್ತೆ ಬಿಟ್ಟಾಗ 6ನೇ ಸ್ಥಾನಕ್ಕೆ ಹೋಯಿತು. ಅದೇ ಹಾಡು, ಅದೇ ಮಿಕ್ಸು, ಅದೇ ಟೇಪಿನ ಹಿಸ್. ನಡುವೆ ಬದಲಾದದ್ದು ಜನರಿಗೆ ಆ ಮುಖ ಮತ್ತು ದನಿಯ ಪರಿಚಯ ಮಾತ್ರ. ಆದ್ದರಿಂದ ‘ಎಂಟು ಟ್ರ್ಯಾಕಿನ ಸದ್ದೇ ಗೆಲ್ಲಿಸಿತು’ ಎನ್ನುವವರೂ ‘ಎಂಟಿವಿಯೇ ಗೆಲ್ಲಿಸಿತು’ ಎನ್ನುವವರೂ ಈ ಎರಡು ಅಂಕಿಗಳಿಗೆ ಉತ್ತರ ಕೊಡಬೇಕು. ನಮ್ಮ ಓದು ಇದು: ಅಟ್ಟ ಕೊಟ್ಟದ್ದು ಬೇರೆ ಯಾರದ್ದರ ಜೊತೆಗೂ ಕಲಸಿಹೋಗದ ಒಂದು ಸದ್ದು, ಆ ಸದ್ದು ಒಂದು ಹಾಡಿನಲ್ಲಿ ಸಿಕ್ಕಿಬಿದ್ದ ಮೇಲೆ ಅದರ ಅಕ್ಕತಂಗಿಯರನ್ನು ಕೇಳುಗರೇ ಹುಡುಕಿಕೊಂಡು ಬಂದರು. ‘ದಿಸ್ ಈಸ್ ದ ಹೌಸ್’, ‘ದ ವಾಕ್’ ಕೂಡ ಇದೇ ಆಲ್ಬಂನಲ್ಲಿವೆ. ಸಿಂಗಲ್ಲಾಗಿ ಸೋತ ಅವೆರಡೂ ಆಲ್ಬಂ ಕೊಂಡವರ ಮನೆಯಲ್ಲಿ ತಿರುಗಿದವು.

ಆಲ್ಬಂ ಮುಗಿಯುವ ಹೊತ್ತಿಗೆ ಜೋಡಿ ಚಾಕ್ ಫಾರ್ಮ್ ಬಿಟ್ಟು ಕ್ರೌಚ್ ಎಂಡ್‌ನ ಹಳೆಯ ಚರ್ಚೊಂದರ ಭಾಗವನ್ನು ಬಾಡಿಗೆಗೆ ಹಿಡಿದಿತ್ತು. ಮುಂದೆ ಅದೇ ‘ದ ಚರ್ಚ್’ ಎಂಬ ಹೆಸರಿನ ಸ್ಟುಡಿಯೋ ಆಯಿತು. ಮೂರನೇ ಆಲ್ಬಂ ‘ಟಚ್’ ಅಲ್ಲೇ ತಯಾರಾಗಿ 1983ರ ನವೆಂಬರಿನಲ್ಲೇ ಬಂತು, ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಹಿಡಿಯಿತು. ಈ ಸಲ ಕೈಯಲ್ಲಿ ಹಣವಿತ್ತು. ಮೈಕಲ್ ಕೇಮನ್ ಅವರಿಂದ ತಂತಿವಾದ್ಯಗಳ ಸಂಯೋಜನೆ ಮಾಡಿಸಿ ವಾದ್ಯಗಾರರನ್ನೇ ಕರೆಸಿದರು. ಕೋಣೆ ಮಾತ್ರ ಇನ್ನೂ ಅಷ್ಟೇ ಸಣ್ಣದು. ಒಳಗೆ ಹಿಡಿಸದ ಪಿಟೀಲಿನವರು ಕಟ್ಟಡದ ಬೇರೆ ಬೇರೆ ಮೂಲೆಗಳಲ್ಲಿ ಕೂತು ನುಡಿಸಬೇಕಾಯಿತು.